ಇವತ್ತು ಆಲ್ಗಾಲ್ ಎಷ್ಟಿದೆ?

ಆಲ್ಗಾಲ್ ಅನ್ನೋದು ಬೆಳಕು ಬದಲಾಗುವ ಒಂದು ನಕ್ಷತ್ರ. ಅಂಥವುಗಳ ಬಗ್ಗೆ ನಮ್ಮ ಹವ್ಯಾಸಿ ಖಗೋಳ ಸಂಘದ ಸಾರ್ವಜನಿಕ ಉಪನ್ಯಾಸದ ಸಂಜೆ ನಾನು ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಪರದೆ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ, ಅವುಗಳ ಬದಲು ನಾಲ್ಕು ಮಾತು ಜಾಸ್ತಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಬರುವಾಗ ನೀವೆಲ್ಲ ಆಕಾಶ ನೋಡಿಕೊಂಡೇ ಬಂದಿರುತ್ತೀರಿ. ಮೋಡ. ಹೊರಗೆ ಮೂರು ಟೆಲಿಸ್ಕೋಪ್ ಮುಸುಕು ಹಾಕಿಕೊಂಡು ನಿಂತಿವೆ. ಯಾರಾದರೂ ಹೊಸ ಟೆಲಿಸ್ಕೋಪ್ ಕೊಂಡರೆ ಆ ವಾರ ಪೂರ್ತಿ ಮೋಡ ಕವಿಯುತ್ತದೆ ಅನ್ನೋದು ಈ ಹವ್ಯಾಸದಲ್ಲಿ ಹಳೇ ತಮಾಷೆ. ಇಲ್ಲಿ ಯಾರೋ ಈ ವಾರ ಕೊಂಡಿದ್ದೀರಿ, ಯಾರು ಅಂತ ಆಮೇಲೆ ವಿಚಾರಿಸೋಣ. ಮಾತು ಮುಗಿಯುವಷ್ಟರಲ್ಲಿ ಮೋಡ ಸರಿದರೆ ನಾನು ಅರ್ಧಕ್ಕೇ ನಿಲ್ಲಿಸುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬಾರದು.

ನಿಮ್ಮ ಹಾಗೆ ಎದುರು ಕುರ್ಚಿಯಲ್ಲಿ ಕೂತು ಇಂಥ ಉಪನ್ಯಾಸಗಳನ್ನು ನಾನು ತುಂಬ ಕೇಳಿದ್ದೇನೆ. ಕಪ್ಪುಕುಳಿ ಅಂತ ವಿಷಯ ಇಟ್ಟರೆ ಸಭಾಂಗಣ ತುಂಬುತ್ತದೆ. ಬ್ರಹ್ಮಾಂಡ ಹೇಗೆ ಮುಗಿಯುತ್ತದೆ ಅಂತ ಇಟ್ಟರೆ ನಿಲ್ಲೋದಕ್ಕೂ ಜಾಗ ಇರುವುದಿಲ್ಲ. ಕೇಳುವಾಗ ಚೆನ್ನಾಗಿರುತ್ತದೆ, ಮನೆಗೆ ಹೋಗುವ ದಾರಿಯಲ್ಲೂ ತಲೆಯಲ್ಲಿ ಸುತ್ತುತ್ತಿರುತ್ತದೆ, ಆದರೆ ಮಾರನೇ ದಿನ ರಾತ್ರಿ ತಾರಸಿ ಮೇಲೆ ನಿಂತರೆ ಅದನ್ನಿಟ್ಟುಕೊಂಡು ಮಾಡೋದಕ್ಕೆ ಏನೂ ಇರುವುದಿಲ್ಲ. ಕಪ್ಪುಕುಳಿ ವಿಷಯದಲ್ಲಿ ನಾವು ಮಾಡಬಹುದಾದ್ದು ಬೆರಗಾಗುವುದು, ಅಷ್ಟೇ. ಹಾಗಾಗಿ ಇವತ್ತು ಬೇರೆ ವಿಷಯ ಆರಿಸಿಕೊಂಡಿದ್ದೇನೆ. ಬರಿಗಣ್ಣಲ್ಲಿ ನಕ್ಷತ್ರದ ಬೆಳಕು ಅಳೆಯುವುದು. ಟೆಲಿಸ್ಕೋಪ್ ಬೇಡ. ಒಂದು ಪೆನ್ನು, ಒಂದು ನೋಟ್‌ಬುಕ್, ಸರಿಯಾದ ಸಮಯ ತೋರಿಸುವ ಗಡಿಯಾರ ಇದ್ದರೆ ಆಯಿತು.

ನಕ್ಷತ್ರದ ಬೆಳಕು ಬದಲಾಗುತ್ತದಾ ಅಂತ ಕೇಳಿದರೆ ಹೆಚ್ಚಿನವರು ಇಲ್ಲ ಅಂತಾರೆ. ಗ್ರಹ ಚಲಿಸುತ್ತದೆ, ಚಂದ್ರ ಬೆಳೆಯುತ್ತಾನೆ, ಕರಗುತ್ತಾನೆ, ನಕ್ಷತ್ರ ಮಾತ್ರ ಇದ್ದ ಹಾಗೇ ಇರುತ್ತದೆ ಅಂತ ನಮ್ಮೆಲ್ಲರ ನಂಬಿಕೆ. 1596ರ ಆಗಸ್ಟ್‌ನಲ್ಲಿ ಡೇವಿಡ್ ಫ್ಯಾಬ್ರಿಷಿಯಸ್ ಎಂಬ ಪಾದ್ರಿ ತಿಮಿಂಗಿಲ ನಕ್ಷತ್ರಪುಂಜದಲ್ಲಿ ಒಂದು ನಕ್ಷತ್ರ ನೋಡಿದರು. ಕೆಲವು ವಾರಗಳಲ್ಲಿ ಅದು ಮಂಕಾಗಿ ಮಾಯವಾಯಿತು. ಹೊಸ ನಕ್ಷತ್ರ, ಬಂತು ಹೋಯಿತು ಅಂದುಕೊಂಡರು. ಆದರೆ ಅದು ಮತ್ತೆ ಬಂತು. 1638ರಲ್ಲಿ ಇದನ್ನು ಗಮನಿಸಿದ ಹಾಲ್ವಾರ್ಡಾ ಎಂಬ ಖಗೋಳ ವೀಕ್ಷಕ ಅದಕ್ಕೆ ಸುಮಾರು 11 ತಿಂಗಳ ಲಯ ಇದೆ ಅಂತ ಕಂಡುಕೊಂಡರು. ಮೀರಾ ಅಂತ ಹೆಸರಾದ ಆ ನಕ್ಷತ್ರ ಇವತ್ತಿಗೂ ಸುಮಾರು 332 ದಿನಕ್ಕೊಮ್ಮೆ ಬರಿಗಣ್ಣಿಗೆ ಸಿಗುತ್ತದೆ, ಆಮೇಲೆ ಬೈನಾಕ್ಯುಲರ್‌ಗೂ ಕಷ್ಟವಾಗುವಷ್ಟು ಇಳಿಯುತ್ತದೆ. ಏರಿದಾಗಿನ ಬೆಳಕಿಗೂ ಇಳಿದಾಗಿನ ಬೆಳಕಿಗೂ ನೂರಾರು ಪಟ್ಟು ವ್ಯತ್ಯಾಸ.

ಅಳತೆಯ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಅಂಕಿಗಳು ತಲೆ ತಿನ್ನುತ್ತವೆ. ನಕ್ಷತ್ರದ ಬೆಳಕನ್ನು ಕಾಂತಿಮಾನದಲ್ಲಿ ಹೇಳುತ್ತೇವೆ. ಇದರ ಲೆಕ್ಕ ಉಲ್ಟಾ. ಓಟದ ಪಂದ್ಯದಲ್ಲಿ ಒಂದನೇ ಸ್ಥಾನ, ಎರಡನೇ ಸ್ಥಾನ ಅಂತಾರಲ್ಲ, ಹಾಗೆ. ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂಕು. ಕತ್ತಲಿರುವ ಜಾಗದಲ್ಲಿ ಬರಿಗಣ್ಣಿಗೆ ಸುಮಾರು 6ರವರೆಗೆ ಕಾಣುತ್ತದೆ. 5 ಮಾನದ ವ್ಯತ್ಯಾಸ ಅಂದರೆ ಬೆಳಕಲ್ಲಿ 100 ಪಟ್ಟು, ಇದನ್ನು 1856ರಲ್ಲಿ ಪಾಗ್ಸನ್ ಎಂಬ ಖಗೋಳ ವಿಜ್ಞಾನಿ ಗಟ್ಟಿ ಮಾಡಿದರು. ಸಾಕು, ಇಷ್ಟು ನೆನಪಿದ್ದರೆ ಸಾಕು.

ಈಗ ನನ್ನ ನೆಚ್ಚಿನ ಹುಡುಗನ ಕಥೆ. ಜಾನ್ ಗುಡ್ರಿಕ್, ಹುಟ್ಟಿದ್ದು 1764ರಲ್ಲಿ. ಚಿಕ್ಕಂದಿನಲ್ಲೇ ಕಾಯಿಲೆ ಬಂದು ಕಿವಿ ಕೇಳದಾಯಿತು. ಇಂಗ್ಲೆಂಡಿನ ಯಾರ್ಕ್‌ನಲ್ಲಿದ್ದ, ನೆರೆಯಲ್ಲೇ ಇದ್ದ ಎಡ್ವರ್ಡ್ ಪಿಗಾಟ್ ಜೊತೆ ಸೇರಿ ಆಕಾಶ ನೋಡುತ್ತಿದ್ದ. 1782ರ ನವೆಂಬರ್ 12ರ ರಾತ್ರಿ ಪಾರ್ಥ ನಕ್ಷತ್ರಪುಂಜದ ಆಲ್ಗಾಲ್ ಯಾಕೋ ಮಂಕಾಗಿ ಕಂಡಿತು. ಆಲ್ಗಾಲ್ ಒಮ್ಮೊಮ್ಮೆ ಮಂಕಾಗುತ್ತದೆ ಅಂತ ಅವನಿಗಿಂತ ಮೊದಲೂ ಕೆಲವರು ಬರೆದಿದ್ದರು, ಆದರೆ ಯಾವಾಗ, ಎಷ್ಟು ದಿನಕ್ಕೊಮ್ಮೆ ಅಂತ ಕೂತು ಲೆಕ್ಕ ಇಟ್ಟವರಿರಲಿಲ್ಲ. ಗುಡ್ರಿಕ್ ಇಟ್ಟ. 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಗಡಿಯಾರದ ಹಾಗೆ ಅದು 2.1ರಿಂದ 3.4ಕ್ಕೆ ಇಳಿಯುತ್ತದೆ, ಅಂದರೆ ಬೆಳಕು ಮೂರನೇ ಒಂದು ಭಾಗಕ್ಕೆ ಬರುತ್ತದೆ. ಇಳಿದು ಮತ್ತೆ ಏರಲು ಒಟ್ಟು ಸುಮಾರು 10 ಗಂಟೆ. ಕಾರಣವನ್ನೂ ಊಹಿಸಿದ. ಮಂಕಾದ ದೊಡ್ಡ ವಸ್ತುವೊಂದು ಸುತ್ತುತ್ತಾ ನಮಗೂ ಆಲ್ಗಾಲ್‌ಗೂ ನಡುವೆ ಅಡ್ಡ ಬರುತ್ತಿರಬಹುದು, ಇದೊಂದು ಗ್ರಹಣ ಇರಬಹುದು ಅಂದ. ವಯಸ್ಸು ಆಗ 18. 1783ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕ ಕೊಟ್ಟಿತು. ಅವನು ಹೇಳಿದ್ದು ಸರಿ ಅಂತ ಖಾತ್ರಿಯಾಗಿದ್ದು ನೂರು ವರ್ಷ ಕಳೆದ ಮೇಲೆ, 1889ರಲ್ಲಿ ಜರ್ಮನಿಯ ಖಗೋಳ ವಿಜ್ಞಾನಿ ಫೋಗೆಲ್ ಆ ಬೆಳಕಿನ ವರ್ಣಪಟಲ ನೋಡಿ ಅಲ್ಲಿ ಎರಡು ನಕ್ಷತ್ರ ಪರಸ್ಪರ ಸುತ್ತುತ್ತಿವೆ ಅಂತ ತೋರಿಸಿದಾಗ.

1784ರಲ್ಲಿ ಗುಡ್ರಿಕ್ ಸೆಫಿಯಸ್ ಪುಂಜದ ಡೆಲ್ಟಾ ನಕ್ಷತ್ರವೂ ಬದಲಾಗುತ್ತದೆ ಅಂತ ಕಂಡುಹಿಡಿದ. 5 ದಿನ 9 ಗಂಟೆಯ ಲಯ. 1786ರ ಏಪ್ರಿಲ್‌ನಲ್ಲಿ ಅವನನ್ನು ರಾಯಲ್ ಸೊಸೈಟಿಯ ಸದಸ್ಯನಾಗಿ ಆರಿಸಿದರು. ನಾಲ್ಕೇ ದಿನಕ್ಕೆ ತೀರಿಕೊಂಡ. 21 ವರ್ಷ ಅಷ್ಟೇ.

ಈ ಡೆಲ್ಟಾ ಸೆಫಿಯ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಅದರ ಜಾತಿಯ ನಕ್ಷತ್ರಗಳಿಗೆ ಸೆಫೀಡ್ ಅಂತ ಹೆಸರು. ಅವು ಉಬ್ಬುತ್ತವೆ, ಕುಗ್ಗುತ್ತವೆ. ಹಾರ್ವರ್ಡ್ ವೀಕ್ಷಣಾಲಯದಲ್ಲಿ ಗಾಜಿನ ಫೋಟೊ ಫಲಕಗಳನ್ನು ಪರೀಕ್ಷಿಸುತ್ತಿದ್ದ ಹೆನ್ರಿಯೆಟಾ ಲೆವಿಟ್ 1912ರಲ್ಲಿ ಕಿರಿಯ ಮೆಗಲಾನಿಕ್ ಮೋಡ ಎಂಬ ಪುಟ್ಟ ಗ್ಯಾಲಕ್ಸಿಯ 25 ಸೆಫೀಡ್‌ಗಳನ್ನು ಪಟ್ಟಿ ಮಾಡಿ, ನಿಧಾನವಾಗಿ ಮಿಡಿಯುವ ಸೆಫೀಡ್ ಜಾಸ್ತಿ ಪ್ರಕಾಶ ಇರುವುದು ಅಂತ ತೋರಿಸಿದರು. ಲಯ ಗೊತ್ತಾದರೆ ನಿಜವಾದ ಪ್ರಕಾಶ ಗೊತ್ತಾಗುತ್ತದೆ, ಅದು ಗೊತ್ತಾದರೆ ದೂರ ಸಿಗುತ್ತದೆ. ಲೆವಿಟ್ ಅವರಿಗೂ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. 1923ರಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ಹಬಲ್ ದೇವಯಾನಿ ಪುಂಜದ ಮಸುಕು ಮಚ್ಚೆಯ ಫಲಕವೊಂದರಲ್ಲಿ ಚುಕ್ಕಿಯೊಂದಕ್ಕೆ ನೋವಾ, ಅಂದರೆ ಸಿಡಿದು ಇದ್ದಕ್ಕಿದ್ದಂತೆ ಬೆಳಗುವ ನಕ್ಷತ್ರ, ಅಂತ ಗುರುತು ಹಾಕಿದ್ದರು. ಆಮೇಲೆ ಅದನ್ನು ಹೊಡೆದು ವೇರಿಯಬಲ್, ಅಂದರೆ ಬದಲಾಗುವುದು, ಎಂಬುದರ ಮೊದಲ ಮೂರು ಇಂಗ್ಲಿಷ್ ಅಕ್ಷರ ಬರೆದು, ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಿದರು. ಅದು ಸೆಫೀಡ್. ಅದರಿಂದ ದೂರ ಲೆಕ್ಕ ಹಾಕಿದರೆ ಆ ಮಚ್ಚೆ ನಮ್ಮ ಗ್ಯಾಲಕ್ಸಿಯ ಹೊರಗಿತ್ತು. ಬ್ರಹ್ಮಾಂಡ ಎಷ್ಟು ದೊಡ್ಡದು ಅಂತ ತಿಳಿದ ದಾರಿಯಲ್ಲಿ ಈ ಮಿಣುಕು ನಕ್ಷತ್ರಗಳೂ ಒಂದು ಮೆಟ್ಟಿಲು. ಕಪ್ಪುಕುಳಿಯ ಉಪನ್ಯಾಸ ಇಷ್ಟಪಡುವವರಿಗೆ ಇಷ್ಟು ಹೇಳಿ ಸಮಾಧಾನ ಮಾಡುತ್ತಿದ್ದೇನೆ.

ಸರಿ, ಅಳೆಯೋದು ಹೇಗೆ? 1844ರಲ್ಲಿ ಜರ್ಮನಿಯ ಆರ್ಗಲಾಂಡರ್ ಖಗೋಳದ ಗೆಳೆಯರೆಲ್ಲ ಬನ್ನಿ, ಬದಲಾಗುವ ನಕ್ಷತ್ರಗಳನ್ನು ನೋಡಿ ಬರೆಯಿರಿ ಅಂತ ಕರೆ ಕೊಟ್ಟರು. ಆಗಿನ ವಿಧಾನವೇ ಹೆಚ್ಚು ಕಡಿಮೆ ಇವತ್ತಿಗೂ ನಡೆದು ಬಂದಿದೆ. ನೀವು ನೋಡುವ ನಕ್ಷತ್ರಕ್ಕಿಂತ ಸ್ವಲ್ಪ ಪ್ರಕಾಶ ಇರುವ ಒಂದು, ಸ್ವಲ್ಪ ಮಂಕಾದ ಒಂದು, ಎರಡು ನಕ್ಷತ್ರ ಹುಡುಕಿಕೊಳ್ಳಿ. ಅವೆರಡೂ ಬದಲಾಗದವು, ಕಾಂತಿಮಾನ ಗೊತ್ತಿರುವವು. ಆಲ್ಗಾಲ್‌ಗೆ ದೇವಯಾನಿ ಪುಂಜದ ಅಲ್ಮಾಕ್ ಇದೆ, 2.1. ಪಾರ್ಥದಲ್ಲೇ ಎಪ್ಸಿಲಾನ್ 2.9, ಡೆಲ್ಟಾ 3.0, ಕಪ್ಪಾ 3.8. ಆಲ್ಗಾಲ್ ಅಲ್ಮಾಕ್‌ಗಿಂತ ಮಂಕು, ಡೆಲ್ಟಾಗಿಂತ ಪ್ರಕಾಶ, ಅಲ್ಮಾಕ್ ಕಡೆಯಿಂದ ಮೂರನೇ ಒಂದು ಪಾಲು ಇಳಿದಿದೆ ಅನ್ನಿಸಿದರೆ 2.4. ಬರೆಯಿರಿ. ಪಕ್ಕದಲ್ಲಿ ದಿನಾಂಕ, ಸಮಯ, ಯಾವ ನಕ್ಷತ್ರಗಳ ಜೊತೆ ಹೋಲಿಸಿದಿರಿ ಅನ್ನೋದು. ಎರಡು ನಿಮಿಷದ ಕೆಲಸ.

ಇದಕ್ಕಂತಲೇ ಮಾಡಿದ ನಕ್ಷೆಗಳಿವೆ. ಅವುಗಳಲ್ಲಿ 3.4 ಅಂತ ಇರುವುದಿಲ್ಲ, 34 ಅಂತ ಇರುತ್ತದೆ. ಯಾಕೆ ಗೊತ್ತಾ? ನಡುವಿನ ಚುಕ್ಕಿಯನ್ನು ಯಾರಾದರೂ ನಕ್ಷತ್ರ ಅಂದುಕೊಂಡುಬಿಟ್ಟರೆ! ರಾತ್ರಿ ಕೆಂಪು ಟಾರ್ಚ್ ಹಿಡಿದು ನಕ್ಷೆ ನೋಡಿದವರಿಗೆ ಈ ಎಚ್ಚರಿಕೆಯ ಬೆಲೆ ಗೊತ್ತಾಗುತ್ತದೆ. ಬದಲಾಗುವ ನಕ್ಷತ್ರಗಳಿಗೆ ಹೆಸರಿಡುವ ಪದ್ಧತಿಯಂತೂ ಇನ್ನೂ ವಿಚಿತ್ರ. ಒಂದು ಪುಂಜದಲ್ಲಿ ಮೊದಲು ಸಿಕ್ಕಿದ್ದು ಆರ್, ಆಮೇಲೆ ಎಸ್, ಹೀಗೆ ಝಡ್‌ವರೆಗೆ. ಮುಗಿದ ಮೇಲೆ ಆರ್‌ಆರ್, ಆರ್‌ಎಸ್ ಅಂತ ಜೋಡಿ ಅಕ್ಷರ. ಅವೂ ಮುಗಿದ ಮೇಲೆ ಎಎ. ಜೆ ಅಕ್ಷರಕ್ಕೆ ಜಾಗವೇ ಇಲ್ಲ. ಹೀಗೆ 334 ಹೆಸರು ಖರ್ಚಾದ ಮೇಲೆ ಸಾಕಾಗಿ ವಿ335 ಅಂತ ನಂಬರ್ ಶುರು ಮಾಡಿದರು. ಮೊದಲೇ ನಂಬರ್ ಹಾಕಬಹುದಿತ್ತಲ್ವಾ ಅಂತ ನನಗೂ ಅನ್ನಿಸಿದೆ.

ಕಣ್ಣು ಒಳ್ಳೆಯ ಉಪಕರಣ, ಆದರೆ ಮೋಸವನ್ನೂ ಮಾಡುತ್ತದೆ. ಕತ್ತಲಿಗೆ ಒಗ್ಗಲು ಅದಕ್ಕೆ 20-30 ನಿಮಿಷ ಬೇಕು, ನಡುವೆ ಒಮ್ಮೆ ಫೋನ್ ನೋಡಿದರೆ ಮತ್ತೆ ಮೊದಲಿನಿಂದ. ಕೆಂಪು ನಕ್ಷತ್ರವನ್ನು ದಿಟ್ಟಿಸಿದಷ್ಟೂ ಅದು ಜಾಸ್ತಿ ಪ್ರಕಾಶ ಅನ್ನಿಸುತ್ತಾ ಹೋಗುತ್ತದೆ, ಅದಕ್ಕೇ ಕೆಂಪು ನಕ್ಷತ್ರಗಳನ್ನು ದಿಟ್ಟಿಸಬಾರದು, ಇದೊಮ್ಮೆ ಅದೊಮ್ಮೆ ಅಂತ ಬೇಗ ಬೇಗ ಕಣ್ಣು ಹಾಯಿಸಬೇಕು. ದಿಗಂತದ ಹತ್ತಿರದ ನಕ್ಷತ್ರವನ್ನು ನೆತ್ತಿ ಮೇಲಿನದಕ್ಕೆ ಹೋಲಿಸಬಾರದು, ಕೆಳಗೆ ಗಾಳಿಯ ಪದರ ದಪ್ಪ, ಬೆಳಕು ಸೋರಿಹೋಗುತ್ತದೆ. ಇವೆಲ್ಲ ಕಲಿಯಬಹುದು. ಎಲ್ಲಕ್ಕಿಂತ ದೊಡ್ಡ ಮೋಸ ಕಣ್ಣಿನದಲ್ಲ, ತಲೆಯದು.

ನನ್ನದೇ ಉದಾಹರಣೆ ಕೊಡುತ್ತೇನೆ. ಶುರುವಿನ ದಿನಗಳಲ್ಲಿ ಆಲ್ಗಾಲ್ ಯಾವಾಗ ಕನಿಷ್ಠಕ್ಕೆ ಇಳಿಯುತ್ತದೆ ಅನ್ನೋ ಪಟ್ಟಿ ಸಿಕ್ಕಿತು. ಅದರಲ್ಲಿ ಸಮಯ ಜಾಗತಿಕ ಕಾಲಮಾನದಲ್ಲಿತ್ತು. ನಮ್ಮ ಸಮಯಕ್ಕೆ ಬದಲಾಯಿಸಿಕೊಂಡು ಸಂಜೆಯಿಂದಲೇ ಕಾದೆ. ಅರ್ಧ ಗಂಟೆಗೊಮ್ಮೆ ನೋಡಿ ಬರೆದೆ. 2.3, 2.6, 2.9, 3.2. ಕಣ್ಣೆದುರೇ ಇಳಿಯುತ್ತಿತ್ತು. ಮೈ ಜುಮ್ಮೆಂದಿತು, ಗುಡ್ರಿಕ್ ಕಂಡಿದ್ದನ್ನೇ ನಾನೂ ಕಾಣುತ್ತಿದ್ದೇನಲ್ಲ ಅಂತ. ಪಕ್ಕದಲ್ಲಿ ಸಂಘದ ಹಿರಿಯರೊಬ್ಬರು ಬೇರೇನೋ ನೋಡುತ್ತಾ ನಡುನಡುವೆ ಆಲ್ಗಾಲ್ ಕಡೆಗೂ ಕಣ್ಣು ಹಾಯಿಸಿ ಬರೆದುಕೊಳ್ಳುತ್ತಿದ್ದರು. ಕೊನೆಗೆ ಇಬ್ಬರೂ ನೋಟ್‌ಬುಕ್ ಹೋಲಿಸಿದೆವು. ಅವರದ್ದು 2.1, 2.1, 2.2, 2.1. ಮನೆಗೆ ಬಂದು ಲೆಕ್ಕ ನೋಡಿದರೆ ನಾನು ಐದೂವರೆ ಗಂಟೆ ಕೂಡಿಸುವ ಕಡೆ ಕಳೆದಿದ್ದೆ. 11 ಗಂಟೆಯ ವ್ಯತ್ಯಾಸ. ನಾನು ಕಾದ ಹೊತ್ತಿಗೆ ಆಲ್ಗಾಲ್ ಪೂರ್ತಿ ಬೆಳಗುತ್ತಿತ್ತು. ಆದರೂ ಅದು ಇಳಿಯೋದನ್ನು ನಾನು ನೋಡಿದೆ. ಸುಳ್ಳು ಬರೆಯಬೇಕು ಅಂತ ಬರೆದದ್ದಲ್ಲ, ನಿಜವಾಗಿ ಹಾಗೇ ಕಂಡಿತ್ತು. ಆ ಪುಟವನ್ನು ಹರಿದುಹಾಕೋಣ ಅನ್ನಿಸಿತು. ಆ ಹಿರಿಯರು ಬೇಡ ಅಂದರು, ಇನ್ನೂ ಇಟ್ಟುಕೊಂಡಿದ್ದೇನೆ. ಅವತ್ತಿನಿಂದ ಯಾವ ನಕ್ಷತ್ರ ಎಷ್ಟಿರಬೇಕು ಅಂತ ನೋಡಿಕೊಂಡು ಹೊರಗೆ ಹೋಗುವುದಿಲ್ಲ. ಮೊದಲು ನೋಡುತ್ತೇನೆ, ಬರೆಯುತ್ತೇನೆ, ಪಟ್ಟಿ ತೆರೆಯುವುದು ಆಮೇಲೆ.

ಹೀಗೆ ಬರೆದ ಅಂಕಿಗಳನ್ನು ಯಾರು ಕೇಳುತ್ತಾರೆ ಅಂದರೆ, ಕೇಳುವವರಿದ್ದಾರೆ. 1911ರಲ್ಲಿ ವಿಲಿಯಂ ಟೈಲರ್ ಓಲ್ಕಾಟ್ ಎಂಬ ವಕೀಲರು ಅಮೆರಿಕದಲ್ಲಿ ಬದಲಾಗುವ ನಕ್ಷತ್ರ ವೀಕ್ಷಕರ ಸಂಘ ಕಟ್ಟಿದರು, ಎಎವಿಎಸ್‌ಒ ಅಂತಾರೆ. ಜಗತ್ತಿನ ಎಲ್ಲ ಕಡೆಯ ಹವ್ಯಾಸಿಗಳು ಕಳಿಸಿದ ಕೋಟಿಗಟ್ಟಲೆ ಅಂದಾಜುಗಳು ಇವತ್ತು ಅವರ ಸಂಗ್ರಹದಲ್ಲಿವೆ, ಯಾರು ಬೇಕಾದರೂ ತೆಗೆದು ನೋಡಬಹುದು. ಅದರಲ್ಲಿ ರಾಧಾ ಗೋವಿಂದ ಚಂದ್ರ ಎಂಬ ಹೆಸರಿದೆ. ಬಂಗಾಳದ ಜೆಸ್ಸೋರ್‌ನವರು. ಶಾಲೆಯ ಕೊನೆ ಪರೀಕ್ಷೆ ಪಾಸಾಗಲಿಲ್ಲ. ಸರ್ಕಾರಿ ಖಜಾನೆಯಲ್ಲಿ ಕೆಲಸ. ಹಗಲು ಹಣದ ಲೆಕ್ಕ, ರಾತ್ರಿ 3 ಇಂಚಿನ ಟೆಲಿಸ್ಕೋಪಿನಲ್ಲಿ ನಕ್ಷತ್ರದ ಲೆಕ್ಕ. 1918ರ ಜೂನ್‌ನಲ್ಲಿ ಗರುಡ ಪುಂಜದಲ್ಲಿ ಹೊತ್ತಿಕೊಂಡ ನೋವಾವನ್ನು ತಾವಾಗಿಯೇ ಗುರುತಿಸಿದರು. ಆಮೇಲೆ ಎಎವಿಎಸ್‌ಒಗೆ ಕಳಿಸಿದ ಅಂದಾಜುಗಳು ಮೂವತ್ತು ಸಾವಿರಕ್ಕೂ ಹೆಚ್ಚು. ಇವರ ಕೆಲಸ ನೋಡಿ ಆ ಸಂಘ 6 ಇಂಚಿನ ಟೆಲಿಸ್ಕೋಪನ್ನು ಸಮುದ್ರದಾಚೆಯಿಂದ ಕಳಿಸಿಕೊಟ್ಟಿತು, ಅದು ಮುಂದೆ ಭಾರತದ ಖಗೋಳ ವಿಜ್ಞಾನಿ ವೈನು ಬಪ್ಪು ಅವರ ಕೈ ಸೇರಿತು. ಮೂವತ್ತು ಸಾವಿರ ಸಲ ಹೊರಗೆ ನಿಂತು, ಕುತ್ತಿಗೆ ಎತ್ತಿ, ಹೋಲಿಸಿ, ಬರೆದಿರುವುದನ್ನು ಸ್ವಲ್ಪ ಯೋಚಿಸಿ ನೋಡಿ.

ಇನ್ನೊಬ್ಬರು ಲೆಸ್ಲಿ ಪೆಲ್ಟಿಯರ್, ಅಮೆರಿಕದ ಒಹಾಯೊದ ರೈತರ ಮನೆಯ ಹುಡುಗ. ಸ್ಟ್ರಾಬೆರಿ ಕಿತ್ತ ಕೂಲಿಯಲ್ಲಿ ಮೊದಲ ಟೆಲಿಸ್ಕೋಪ್ ಕೊಂಡವರು, 2 ಇಂಚಿನದು. ಉತ್ತರ ಕಿರೀಟ ಪುಂಜದ ಟಿ ನಕ್ಷತ್ರವನ್ನು ಅವರು 25 ವರ್ಷ ಕಾದರು. ಅದು ಸಾಮಾನ್ಯವಾಗಿ 10ನೇ ಕಾಂತಿಮಾನದಲ್ಲಿ ಮಲಗಿರುತ್ತದೆ. ಅಲ್ಲಿ ಒಂದು ಕೆಂಪು ದೈತ್ಯ, ಅಂದರೆ ಉಬ್ಬಿದ ಮುದಿ ನಕ್ಷತ್ರ ಇದೆ, ಪಕ್ಕದಲ್ಲೇ ಸುತ್ತುವ ಶ್ವೇತ ಕುಬ್ಜ ಎಂಬ ಪುಟ್ಟ ದಟ್ಟ ನಕ್ಷತ್ರ ಅದರ ಅನಿಲವನ್ನು ಎಳೆದುಕೊಂಡು ಮೈಮೇಲೆ ಪೇರಿಸಿಕೊಳ್ಳುತ್ತದೆ, ಪೇರಿಸಿದ್ದು ಮಿತಿ ಮೀರಿದಾಗ ಸಿಡಿಯುತ್ತದೆ. ಸಿಡಿದರೆ ಕೆಲವೇ ಗಂಟೆಗಳಲ್ಲಿ 2ನೇ ಕಾಂತಿಮಾನಕ್ಕೆ ಏರಿ ಬರಿಗಣ್ಣಿಗೆ ಎದ್ದು ಕಾಣುತ್ತದೆ. 1866ರ ಮೇ 12ರಂದು ಹೀಗೆ ಸಿಡಿದಾಗ ಐರ್ಲೆಂಡಿನ ಜಾನ್ ಬರ್ಮಿಂಗ್‌ಹ್ಯಾಂ ಸ್ನೇಹಿತರ ಮನೆಯಿಂದ ರಾತ್ರಿ ವಾಪಸ್ ನಡೆದು ಬರುತ್ತಿದ್ದರು, ಸುಮ್ನೆ ತಲೆ ಎತ್ತಿದರು, ಸಿಕ್ಕಿತು. ಪೆಲ್ಟಿಯರ್ ಪಾಲಿಗೆ? 1946ರ ಫೆಬ್ರವರಿಯ ಆ ರಾತ್ರಿ ಎರಡೂವರೆಗೆ ಅಲಾರಂ ಇಟ್ಟು ಎದ್ದರು. ಶೀತ ಹಿಡಿಯುವ ಹಾಗಿತ್ತು. ಒಂದು ರಾತ್ರಿ ತಾನೇ ಅಂತ ಮತ್ತೆ ಹೋಗಿ ಮಲಗಿದರು. ಆ ರಾತ್ರಿಯೇ ಅದು ಸಿಡಿದಿತ್ತು. ಸುಮಾರು 80 ವರ್ಷಕ್ಕೊಮ್ಮೆ ಬರುವ ಸರದಿ ಅದು. 1946ಕ್ಕೆ 80 ಕೂಡಿಸಿ ನೋಡಿದರೆ ನಮ್ಮ ಸರದಿ ಹತ್ತಿರವೇ ಇದೆ, ಅದಕ್ಕೇ ನಮ್ಮ ಸಂಘದ ಅರ್ಧ ಜನ ಆ ಪುಂಜ ಮೇಲೆ ಬಂದ ರಾತ್ರಿಗಳಲ್ಲಿ ಸರಿಯಾಗಿ ನಿದ್ದೆ ಮಾಡುವುದಿಲ್ಲ. ಇವತ್ತು ಸಿಡಿಯಲಿಲ್ಲ ಅನ್ನುವುದೂ ಒಂದು ವೀಕ್ಷಣೆಯೇ. ಸಿಡಿದ ಮೇಲೆ, ಹಿಂದಿನ ರಾತ್ರಿ ಎಷ್ಟು ಹೊತ್ತಿನವರೆಗೆ ಮಂಕಾಗಿತ್ತು ಅಂತ ವಿಜ್ಞಾನಿಗಳು ಮೊದಲು ಹುಡುಕುವುದು ಅಂಥ ಸಾಲುಗಳನ್ನೇ.

ಮಹಾವ್ಯಾಧ ಪುಂಜದ ಆರ್ದ್ರಾ ನಕ್ಷತ್ರದ ವಿಷಯ ಹೇಳದಿದ್ದರೆ ನೀವು ಬಿಡುವುದಿಲ್ಲ. ಆರ್ದ್ರಾ ಸಾಮಾನ್ಯವಾಗಿ 0.5ರ ಆಸುಪಾಸಲ್ಲಿ ಇರುತ್ತದೆ. 2019ರ ಕೊನೆಯಲ್ಲಿ ಇಳಿಯತೊಡಗಿತು, 2020ರ ಫೆಬ್ರವರಿಯಲ್ಲಿ 1.6 ಮುಟ್ಟಿತು. ಪಕ್ಕದ ಬೆಲ್ಲಾಟ್ರಿಕ್ಸ್ ನಕ್ಷತ್ರ ಇರೋದೂ ಅಷ್ಟೇ. ಅವೆರಡೂ ಸಮ ಆಗಿದ್ದನ್ನು ನೋಡಿದ ರಾತ್ರಿ ಮಹಾವ್ಯಾಧನ ಆಕಾರವೇ ತಪ್ಪಿಹೋದ ಹಾಗನ್ನಿಸಿತ್ತು. ಸಿಡಿದೇಬಿಡುತ್ತದೆ ಅಂತ ಸುದ್ದಿ ಹಬ್ಬಿತು. ಆಗಿದ್ದು ಬೇರೆ. ನಕ್ಷತ್ರ ತನ್ನ ಹೊರಮೈಯ ಒಂದಿಷ್ಟು ಅನಿಲವನ್ನು ಉಗುಳಿತ್ತು, ಅದು ತಣ್ಣಗಾಗಿ ಧೂಳಿನ ಮೋಡವಾಗಿ ನಮ್ಮ ಕಡೆಗೇ ಅಡ್ಡ ನಿಂತಿತ್ತು.

ಪ್ರಶ್ನೋತ್ತರದಲ್ಲಿ ಒಬ್ಬರು ನೇರವಾಗಿ ಕೇಳಿದರು. ಇಷ್ಟೊಂದು ರೋಬೋಟ್ ಟೆಲಿಸ್ಕೋಪ್ ಇರುವಾಗ ನಮ್ಮ ಕಣ್ಣು ಯಾಕೆ ಬೇಕು? ಒಳ್ಳೆ ಪ್ರಶ್ನೆ. ಮಂಕು ನಕ್ಷತ್ರಗಳಿಗೆ ಬೇಡ, ಅದನ್ನು ಯಂತ್ರಗಳೇ ನಮಗಿಂತ ಸಾವಿರ ಪಾಲು ಚೆನ್ನಾಗಿ ಮಾಡುತ್ತವೆ. ಆದರೆ ದೊಡ್ಡ ಸಮೀಕ್ಷೆಗಳ ಕ್ಯಾಮೆರಾಕ್ಕೆ ಆರ್ದ್ರಾ, ಆಲ್ಗಾಲ್ ಅತಿ ಪ್ರಕಾಶ, ಚಿತ್ರದಲ್ಲಿ ಬಿಳೀ ಮುದ್ದೆಯಾಗಿ ಬೀಳುತ್ತವೆ, ಅದರಿಂದ ಅಳತೆ ಸಿಗುವುದಿಲ್ಲ. 8.4 ಮೀಟರ್ ಕನ್ನಡಿಯ ರೂಬಿನ್ ಟೆಲಿಸ್ಕೋಪಿಗೆ ಬರಿಗಣ್ಣಿನ ನಕ್ಷತ್ರ ಯಾವುದೂ ಆಗಿಬರುವುದಿಲ್ಲ. ಫೋನಲ್ಲಿ ಆಗಲ್ವಾ ಅಂತ ಇನ್ನೊಬ್ಬರು. ಫೋನ್ ತನಗೆ ತೋಚಿದ ಹಾಗೆ ಚಿತ್ರ ತಿದ್ದಿಬಿಡುತ್ತದೆ, ನಂಬೋದು ಕಷ್ಟ. ಡಿಎಸ್‌ಎಲ್‌ಆರ್ ಕ್ಯಾಮೆರಾ ಇದ್ದರೆ ಫೋಕಸ್ ಸ್ವಲ್ಪ ತಪ್ಪಿಸಿ, ತಿದ್ದದ ಮೂಲ ಚಿತ್ರದ ಹಸಿರು ಭಾಗ ಮಾತ್ರ ತೆಗೆದು ಅಳೆದರೆ ಕಣ್ಣಿಗಿಂತ ಚೆನ್ನಾಗಿ ಬರುತ್ತದೆ. ಅದು ಇನ್ನೊಂದು ಸಂಜೆಯ ಮಾತು.

ಅಷ್ಟರಲ್ಲಿ ಬಾಗಿಲ ಹತ್ತಿರ ಕೂತವರು ಮೋಡ ಸರಿಯಿತು ಅಂತ ಕೂಗಿದರು, ನಾನು ಮೈಕ್ ಮೇಜಿನ ಮೇಲಿಟ್ಟು ಎಲ್ಲರಿಗಿಂತ ಮುಂದೆ ಓಡಿದೆ. ಅಲ್ಮಾಕ್ ತೋರಿಸಿದೆ, ಕಪ್ಪಾ ತೋರಿಸಿದೆ, ಆಲ್ಗಾಲ್ ಎಷ್ಟು ಅಂತ ಒಬ್ಬರಿಗೊಬ್ಬರು ಹೇಳದೆ ಚೀಟಿಯಲ್ಲಿ ಬರೆಯಿರಿ ಅಂದೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಮತ್ತೆ ಮುಚ್ಚಿಕೊಂಡಿತು. ಚೀಟಿ ತೆರೆದರೆ 2.1, 2.2, 2.2, 2.3, 2.1, ಹೀಗೆ. ಒಂದು ಮಾತ್ರ 2.9. ಬರೆದವರು ಸಂಕೋಚದಿಂದ ಚೀಟಿ ವಾಪಸ್ ಕೊಡಿ, ತಿದ್ದುತ್ತೇನೆ ಅಂದರು. ಬೇಡ, ಯಾವ ನಕ್ಷತ್ರ ನೋಡಿದಿರಿ, ನಕ್ಷೆಯಲ್ಲಿ ತೋರಿಸಿ ಅಂದೆ. ಬೆರಳಿಟ್ಟಿದ್ದು ಎಪ್ಸಿಲಾನ್ ಮೇಲೆ. ಪಕ್ಕದಲ್ಲಿ 29 ಅಂತ ಬರೆದಿತ್ತು.